ಹಿಡಿ ಬೀಜದ ಲೆಕ್ಕ

ಪತ್ತನಾಜೆ ಕಳೆದಿದೆ. ಮೊದಲ ಮಳೆ ನಾಲ್ಕು ದಿನ ಬಿಡದೆ ಹೊಯ್ದು ಈಗ ತುಸು ಬಿಡುವು ಕೊಟ್ಟಿದೆ. ಬೆಳ್ತಂಗಡಿ ಸೀಮೆಯ ಒಂದು ಬೈಲಿನಲ್ಲಿ, ಉತ್ತು, ಕೆಸರು ಮಾಡಿ, ಹಲಗೆ ಎಳೆದು ಕನ್ನಡಿಯಂತೆ ಮಟ್ಟಗೊಳಿಸಿದ ಸಣ್ಣ ಗದ್ದೆಯೊಂದರ ಹುಣಿಯ ಮೇಲೆ ರೈತನೊಬ್ಬ ನಿಂತಿದ್ದಾನೆ. ಅವನ ಸೊಂಟಕ್ಕೊತ್ತಿದ ಬುಟ್ಟಿಯಲ್ಲಿ ಮೊಳಕೆ ಬರಿಸಿದ ಭತ್ತವಿದೆ. ಒಂದು ದಿನ ನೀರಿನಲ್ಲಿ ನೆನೆದು, ಮರುದಿನವೆಲ್ಲ ಗೋಣಿಯ ಬೆಚ್ಚಗಿನಲ್ಲಿ ಮಲಗಿ, ಬಿಳಿಯ ತುದಿಯನ್ನು ಆಗತಾನೆ ಹೊರಚಾಚಿದ ಭತ್ತ. ಅವನು ಬುಟ್ಟಿಗೆ ಕೈಯಿಕ್ಕುತ್ತಾನೆ. ಹಿಡಿ ತುಂಬಿ ಮೇಲೇಳುತ್ತದೆ. ಬೀಜ ಅರ್ಧಚಂದ್ರಾಕಾರವಾಗಿ ಕೆಸರಿನ ಮೇಲೆ ಉದುರುತ್ತದೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿದುಹೋಗುತ್ತದೆ.

ಈ ಅರ್ಧ ಗಂಟೆಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೊಬ್ಬರಕ್ಕೆ ಎಷ್ಟು ಹಣ ಬಿತ್ತು, ಉಳುವ ಯಂತ್ರಕ್ಕೆ ಗಂಟೆಗೆ ಎಷ್ಟು ಬಾಡಿಗೆ ಕೊಡಬೇಕಾಯಿತು, ನೆಡುವವರು ಈ ವರ್ಷ ಎಷ್ಟು ಕೂಲಿ ಕೇಳಿದರು ಎಂಬುದೆಲ್ಲ ಮನೆಯ ಜಗಲಿಯಲ್ಲಿ ಚರ್ಚೆಗೆ ಬರುತ್ತದೆ. ಆ ಹಿಡಿ ಎಷ್ಟು ದೊಡ್ಡದಾಗಿತ್ತು, ಆ ಬೀಜ ಎಷ್ಟು ಜಾಗದಲ್ಲಿ ಬಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೂ ಅಕ್ಟೋಬರದಲ್ಲಿ ಅಂಗಳಕ್ಕೆ ಬರುವ ಭತ್ತದ ಒಂದು ಪಾಲು ಆ ಬೆಳಗಿನ ಹಿಡಿಯಲ್ಲಿಯೇ ನಿಶ್ಚಯವಾಗಿರುತ್ತದೆ.

ಸಂದೇಹವುಳ್ಳವರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಇದಕ್ಕೆ ಕೃಷಿ ಇಲಾಖೆಯ ನೆರವೂ ಬೇಡ, ಕಾಸಿನ ಖರ್ಚೂ ಇಲ್ಲ. ಬಿತ್ತಿ ಇಪ್ಪತ್ತೈದು ದಿನವಾದ ಸಸಿಮಡಿಯ ನಡುವಿನಿಂದ ಹತ್ತು ನೇಜಿಗಳನ್ನೂ ಅಂಚಿನಿಂದ ಹತ್ತು ನೇಜಿಗಳನ್ನೂ ಕಿತ್ತು, ಬೇರು ತೊಳೆದು, ಬಾಳೆಲೆಯ ಮೇಲೆ ಅಕ್ಕಪಕ್ಕ ಇಡಬೇಕು. ನಡುವಿನವು ಉದ್ದವಾಗಿಯೂ ತೆಳ್ಳಗಾಗಿಯೂ ಇರುತ್ತವೆ. ಕೆಳಗಿನ ಎಲೆ ಹಳದಿಗೆ ತಿರುಗಿರುತ್ತದೆ. ಅಂಚಿನವು ಗಿಡ್ಡ, ಆದರೆ ಬುಡ ಚಪ್ಪಟೆಯಾಗಿ ಅಗಲವಾಗಿರುತ್ತದೆ, ಬೇರಿನ ಕುಚ್ಚು ತುಂಬಿರುತ್ತದೆ, ಒಂದೆರಡರಲ್ಲಿ ಬುಡದ ಬಳಿ ಮರಿ ತೆಂಡೆಯೇ ಕಾಣಿಸಿಕೊಂಡಿರುತ್ತದೆ. ಬೀಜ ಒಂದೇ, ನೀರು ಒಂದೇ, ಬಿತ್ತಿದ ಕೈಯೂ ಒಂದೇ. ಅಂಚಿನ ಸಸಿಗೆ ಒಂದು ಮಗ್ಗುಲಲ್ಲಿ ನೆರೆಯವರಿಲ್ಲ ಎಂಬುದಷ್ಟೇ ವ್ಯತ್ಯಾಸ.

ಬೀಜವೇ ಅಳತೆಗೋಲಾದ ನಾಡು

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ರೈತನಿಗೆ ಬೀಜದ ಲೆಕ್ಕ ತಿಳಿಯದು ಎಂದು ಹೇಳಹೊರಟರೆ ಅದು ದೊಡ್ಡ ಅವಿವೇಕವಾದೀತು. ಇದು ಬೀಜದಿಂದಲೇ ನೆಲವನ್ನು ಅಳೆದ ನಾಡು. ಎಕರೆ, ಸೆಂಟ್ಸುಗಳು ಬರುವ ಮೊದಲು ಇಲ್ಲಿ ಗದ್ದೆಯ ವಿಸ್ತಾರವನ್ನು ಹೇಳುತ್ತಿದ್ದುದು ಅದಕ್ಕೆ ಎಷ್ಟು ಬೀಜ ಹಿಡಿಯುತ್ತದೆ ಎಂಬುದರ ಮೇಲೆ. ತುಳುನಾಡಿನ ಹಳೆಯ ಶಾಸನಗಳಲ್ಲಿ ದೇವಾಲಯಕ್ಕೋ ಬಸದಿಗೋ ಬಿಟ್ಟ ಗದ್ದೆಯನ್ನು ಇಂತಿಷ್ಟು ಮೂಡೆ ಬೀಜದ ಗದ್ದೆಯೆಂದು ಹೇಳಿರುವುದುಂಟು. ಗೇಣಿಯೂ ಮುಡಿ ಲೆಕ್ಕದಲ್ಲಿಯೇ ಸಲ್ಲುತ್ತಿತ್ತು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬುದು ಅಕ್ಷರ ಬಾರದ ಅಜ್ಜಿಯರಿಗೂ ಬಾಯಿಪಾಠ. ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಬೀಜದ ಮುಡಿ ಅಟ್ಟದ ಮೇಲೆ ಹೊಗೆ ಕುಡಿಯುತ್ತ ಮುಂದಿನ ಬಿತ್ತನೆಯ ತನಕ ಕೆಡದೆ ಕಾದಿರುತ್ತಿತ್ತು.

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ೧೮೦೧ರ ಆರಂಭದಲ್ಲಿ ಈ ದಾರಿಯಾಗಿಯೇ ಹಾದುಹೋದ. ಟಿಪ್ಪುವಿನ ಪತನಾನಂತರ ಹೊಸದಾಗಿ ಕೈಗೆ ಬಂದ ಸೀಮೆಯ ಬೆಳೆ, ಕಸುಬು, ಕಂದಾಯಗಳನ್ನು ನೋಡಿ ಬರೆಯಲೆಂದು ಕುಂಪಣಿ ಸರಕಾರ ಅವನನ್ನು ಕಳುಹಿಸಿತ್ತು. ಮಂಗಳೂರಿನಿಂದ ಹೊರಟು ಬಂಟವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಕಾರ್ಕಳದತ್ತ ಸಾಗಿದ ಅವನು, ಇಲ್ಲಿಯ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ತರಗತಿಗಳನ್ನೂ, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಗುರುತಿಸಿ ಬರೆದಿಟ್ಟ. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಆ ಹೆಸರುಗಳಿವೆ. ಎರಡು ಶತಮಾನಗಳು ಉರುಳಿದರೂ ಹೆಸರುಗಳು ಮಾಸಿಲ್ಲ. ನೀರು ನಿಲ್ಲುವ ತಗ್ಗು ಇಂದಿಗೂ ಬೈಲು. ಮಳೆ ನಿಂತೊಡನೆ ಒಣಗುವ ಎತ್ತರ ಇಂದಿಗೂ ಬೆಟ್ಟು.

ಆದರೆ ಬೀಜವೇ ಅಳತೆಗೋಲಾದುದರಿಂದ ಒಂದು ತೊಡಕೂ ಉಂಟಾಯಿತೆನ್ನಬೇಕು. ಈ ಗದ್ದೆಗೆ ಇಷ್ಟು ಮುಡಿ ಎಂದು ಅಜ್ಜನ ಕಾಲದಿಂದ ನಡೆದುಬಂದ ಮೇಲೆ, ಅದರಲ್ಲಿ ಎರಡು ಕಳಸೆ ಕಡಿಮೆ ಬಿತ್ತಿದರೆ ಗದ್ದೆಯೇ ಕುಗ್ಗಿದಂತೆ ಮನಸ್ಸಿಗೆ ಅಳುಕು! ಬೀಜದ ಪ್ರಮಾಣ ಬೇಸಾಯದ ಲೆಕ್ಕವಾಗಿ ಉಳಿಯದೆ ಮನೆತನದ ಮರ್ಯಾದೆಯಂತಾಯಿತು. ಇತ್ತ ಬೀಜ ಮೊದಲಿನಷ್ಟೇ ಉಳಿಯಿತು. ಅತ್ತ ಸಸಿಮಡಿಯ ಜಾಗ ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದಿತು.

ಸಸಿಮಡಿಯೊಳಗಿನ ಕಲಹ

ಭತ್ತದ ಕಾಳು ತಾಯಿಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಟ ಮಗುವಿದ್ದಂತೆ. ಹೊಟ್ಟಿನೊಳಗಿನ ಅಕ್ಕಿಯೇ ಆ ಬುತ್ತಿ. ಸುಮಾರು ಮೂರು ಎಲೆ ಮೂಡುವ ತನಕ ಸಸಿ ಅದರಲ್ಲಿಯೇ ಬದುಕುತ್ತದೆ. ಆದುದರಿಂದ ಮೊದಲ ಹನ್ನೆರಡು ಹದಿನೈದು ದಿನ ದಟ್ಟವಾಗಿ ಬಿತ್ತಿದ ಮಡಿಗೂ ವಿರಳವಾಗಿ ಬಿತ್ತಿದ ಮಡಿಗೂ ಹೆಚ್ಚಿನ ಭೇದ ಕಾಣಿಸುವುದಿಲ್ಲ. ನಿಜ ಹೇಳಬೇಕೆಂದರೆ ದಟ್ಟವಾದುದೇ ಹೆಚ್ಚು ಹಸುರಾಗಿ, ಹೆಚ್ಚು ಚೆಲುವಾಗಿ ಕಾಣುತ್ತದೆ. ದಾರಿಹೋಕರು ನಿಂತು ಮೆಚ್ಚುವುದೂ ಅದನ್ನೇ.

ಬುತ್ತಿ ಬರಿದಾದ ಮೇಲೆ ಕಲಹ ಆರಂಭವಾಗುತ್ತದೆ. ಇನ್ನು ಬೇರಿನಿಂದ ಸಾರವನ್ನೂ ಎಲೆಯಿಂದ ಬೆಳಕನ್ನೂ ತಾನೇ ಸಂಪಾದಿಸಬೇಕು. ಜೂನ್ ತಿಂಗಳಲ್ಲಿ ಕರಾವಳಿಯ ಆಕಾಶ ಬೆಳಕಿಗೆ ಮೊದಲೇ ಜಿಪುಣ. ವಾರಗಟ್ಟಲೆ ಮೋಡ ಕವಿದಿರುತ್ತದೆ. ಇರುವಷ್ಟು ಬೆಳಕಿಗಾಗಿ ಸಸಿಗಳು ಒಂದನ್ನೊಂದು ಮೀರಿ ಎತ್ತರಕ್ಕೆ ಎಳೆಯುತ್ತವೆ. ಎತ್ತರಕ್ಕೆ ಹೋದ ಶಕ್ತಿ ಬುಡಕ್ಕೆ ಇಲ್ಲ, ಬೇರಿಗೆ ಇಲ್ಲ. ಮಳೆಯ ಹೊಡೆತಕ್ಕೆ ಸಾರಜನಕವೂ ತೊಳೆದುಹೋಗುವ ಕೆಂಪುಮಣ್ಣು ಇದು. ಇದ್ದಷ್ಟನ್ನು ಹಂಚಿಕೊಳ್ಳುವ ಬಾಯಿಗಳು ಹೆಚ್ಚಾದಷ್ಟೂ ಪ್ರತಿಯೊಂದರ ಪಾಲು ಕಿರಿದು. ದಟ್ಟಣೆಯಲ್ಲಿ ತೇವ ಆರದೆ ನಿಂತು ಬೆಂಕಿರೋಗಕ್ಕೂ ಅನುಕೂಲವಾಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಭತ್ತದ ಸಸಿಯಲ್ಲಿ ನಾಲ್ಕನೆಯ ಎಲೆ ಹೊರಡುವ ವೇಳೆಗೆ ಬುಡದ ಗಿಣ್ಣಿನಿಂದ ಮೊದಲ ತೆಂಡೆ ಕಣ್ಣು ಬಿಡಬೇಕು. ಐದನೆಯ ಎಲೆಯ ಜೊತೆಗೆ ಎರಡನೆಯದು. ಇದು ಸೃಷ್ಟಿಯ ನಿಯಮ. ಕಿಕ್ಕಿರಿದ ಮಡಿಯಲ್ಲಿ ಈ ಕೆಳಗಿನ ಮೊಗ್ಗುಗಳು ಅರಳದೆ ಮುರುಟಿಹೋಗುತ್ತವೆ. ಒಮ್ಮೆ ಮುರುಟಿದ ಮೊಗ್ಗನ್ನು ಆಮೇಲೆ ಎಷ್ಟು ಗೊಬ್ಬರ ಚೆಲ್ಲಿದರೂ ಎಬ್ಬಿಸಲಾಗದು. ಮೊದಲು ಹುಟ್ಟಿದ ತೆಂಡೆಗಳೇ ಸಾಮಾನ್ಯವಾಗಿ ತುಂಬಿದ ತೆನೆಯನ್ನು ಕೊಡುವವು; ತಡವಾಗಿ ಹುಟ್ಟಿದವು ಹುಲ್ಲಾಗಿಯೇ ಉಳಿಯುವುದು ಹೆಚ್ಚು. ಜಪಾನಿನ ಒಕ್ಕಲಿಗರಲ್ಲಿ ಸಸಿಯೇ ಅರ್ಧ ಬೆಳೆ ಎಂಬ ಅರ್ಥದ ಹಳೆಯ ನುಡಿಯೊಂದಿದೆ. ಅದು ಬರಿಯ ಅಲಂಕಾರದ ಮಾತಲ್ಲ.

ಅಂಕೆಗಳನ್ನು ಇಟ್ಟು ನೋಡೋಣ. ಸಾವಿರ ಕಾಳಿಗೆ ೨೫ ಗ್ರಾಂ ತೂಗುವ ಭತ್ತವನ್ನು ತೆಗೆದುಕೊಂಡರೆ, ವಾಡಿಕೆಯಂತೆ ಎಕರೆಗೆ ಬಿತ್ತುವ ೨೫ ಕಿಲೋಗ್ರಾಂ ಬೀಜದಲ್ಲಿ ಹತ್ತು ಲಕ್ಷ ಕಾಳುಗಳಿರುತ್ತವೆ. ನೂರಕ್ಕೆ ಎಂಬತ್ತು ಮೊಳೆತರೂ ಎಂಟು ಲಕ್ಷ ಸಸಿ. ಇನ್ನು ಗದ್ದೆಯ ಕಡೆಗೆ ಬಂದರೆ, ೨೦ ಸೆಂಟಿಮೀಟರಿಗೆ ೧೫ ಸೆಂಟಿಮೀಟರ್ ಅಂತರದಲ್ಲಿ ನೆಟ್ಟಾಗ ಒಂದು ಎಕರೆಗೆ ಸುಮಾರು ೧,೩೫,೦೦೦ ಬುಡಗಳಾಗುತ್ತವೆ. ಬುಡಕ್ಕೆ ಎರಡು ಮೂರು ನೇಜಿಯಂತೆ ಮೂರರಿಂದ ನಾಲ್ಕು ಲಕ್ಷ ಸಾಕು. ಅಂದರೆ ಹನ್ನೆರಡು ಹದಿಮೂರು ಕಿಲೋ ಬೀಜದಲ್ಲಿ ಲೆಕ್ಕ ಸರಿಹೋಗುತ್ತದೆ. ಉಳಿದ ನಾಲ್ಕು ಲಕ್ಷ ಸಸಿಗಳು ಒಂದೋ ಬುಡಕ್ಕೆ ಆರು ಏಳರಂತೆ ಗದ್ದೆಗೆ ಹೋಗಿ ಅಲ್ಲಿಯೂ ಅದೇ ಕಲಹವನ್ನು ಮುಂದುವರಿಸುತ್ತವೆ. ಇಲ್ಲವೇ ಮಡಿಯಲ್ಲಿಯೇ ಉಳಿದು ದನದ ಬಾಯಿಗೆ ಬೀಳುತ್ತವೆ. ಎರಡರಲ್ಲಿ ದನದ ಬಾಯಿಯೇ ಮೇಲು!

ಜಾಗದ ಮಾತು ಬೇರೆ. ನೆಡುವ ಗದ್ದೆಯ ಹತ್ತರಲ್ಲೊಂದು ಪಾಲು ಸಸಿಮಡಿಗೆ ಬೇಕೆಂಬುದು ಕೃಷಿಶಾಸ್ತ್ರದ ಸಾಮಾನ್ಯ ಸಲಹೆ. ಎಕರೆಗೆ ಹತ್ತು ಸೆಂಟ್ಸು. ಅಷ್ಟರಲ್ಲಿ ೨೫ ಕಿಲೋ ಬಿತ್ತಿದರೆ ಚದರ ಮೀಟರಿಗೆ ೬೨ ಗ್ರಾಂ ಬೀಳುತ್ತದೆ. ಐದೇ ಸೆಂಟ್ಸಿನಲ್ಲಿ ಬಿತ್ತಿದರೆ ೧೨೪ ಗ್ರಾಂ. ಮೊದಲನೆಯದರಲ್ಲಿ ಒಂದು ಕಾಳಿಗೆ ನಾಲ್ಕು ಚದರ ಸೆಂಟಿಮೀಟರ್ ನೆಲ, ಎರಡನೆಯದರಲ್ಲಿ ಎರಡೇ. ೧೨ ಕಿಲೋವನ್ನು ಹತ್ತು ಸೆಂಟ್ಸಿನಲ್ಲಿ ಬಿತ್ತಿದವನ ಸಸಿಗೆ ಎಂಟು ಚದರ ಸೆಂಟಿಮೀಟರಿಗೂ ಹೆಚ್ಚು ದೊರೆಯುತ್ತದೆ.

ಇಷ್ಟು ಸರಳವಾಗಿದ್ದರೆ ರೈತ ಏಕೆ ಹಾಗೆ ಮಾಡುವುದಿಲ್ಲ?

ನೆಡುವ ದಿನ ಯಾರ ಕೈಯಲ್ಲಿದೆ?

ಅವನಿಗೂ ಕಾರಣಗಳಿವೆ, ಅವು ಹಗುರವಾದ ಕಾರಣಗಳಲ್ಲ. ಬಿತ್ತಿದ ರಾತ್ರಿಯೇ ಜಡಿಮಳೆ ಬಂದು ಬೀಜವೆಲ್ಲ ಮಡಿಯ ಒಂದು ಮೂಲೆಗೆ ಕೊಚ್ಚಿಹೋಗಬಹುದು. ಹಕ್ಕಿಗಳಿವೆ, ಇಲಿಗಳಿವೆ, ಕಾಡಂಚಿನ ಊರುಗಳಲ್ಲಿ ನವಿಲುಗಳೂ ಇವೆ. ನೆಟ್ಟ ಮೇಲೆ ನೆರೆ ಬಂದು ಗದ್ದೆ ಕೊಳೆತರೆ ಮರುನಾಟಿಗೆ ನೇಜಿ ಬೇಕು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ತಪ್ಪಲಿನ ಹೊಳೆಗಳು ಉಕ್ಕಿ ಬೆಳ್ತಂಗಡಿ ತಾಲ್ಲೂಕಿನ ಎಷ್ಟೋ ಗದ್ದೆಗಳ ಮೇಲೆ ಮರಳನ್ನೇ ಹೊದಿಸಿಬಿಟ್ಟಾಗ ಅಂತಹ ನೇಜಿಯೂ ಪ್ರಯೋಜನಕ್ಕೆ ಬರಲಿಲ್ಲವೆಂಬುದು ಬೇರೆ ಮಾತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಹೆಚ್ಚು ಬೀಜ ಚೆಲ್ಲುವುದು ಒಂದು ಬಗೆಯ ವಿಮೆ.

ಆದರೆ ಈ ವಿಮೆ ಅವನನ್ನು ಯಾವುದರಿಂದ ರಕ್ಷಿಸಬೇಕೋ ಅದರಿಂದ ರಕ್ಷಿಸುವುದಿಲ್ಲ. ಅವನ ನಿಜವಾದ ವೈರಿ ಮಳೆಯೂ ಅಲ್ಲ, ಹಕ್ಕಿಯೂ ಅಲ್ಲ, ತಡ.

ಮಧ್ಯಮಾವಧಿಯ ತಳಿಯ ನೇಜಿಯನ್ನು ಇಪ್ಪತ್ತೊಂದರಿಂದ ಇಪ್ಪತ್ತೈದು ದಿನಕ್ಕೆ ಕಿತ್ತು ನೆಡುವುದು ಸರಿ. ಹಾಗೆ ನೆಡಲು ಆ ವಾರ ಗದ್ದೆ ಉತ್ತು ಹದವಾಗಿರಬೇಕು, ನೀರು ಹಿಡಿತದಲ್ಲಿರಬೇಕು, ನೆಡುವ ಕೈಗಳು ಸಿಗಬೇಕು. ಒಂದು ಕಾಲದಲ್ಲಿ ಕಾರ್ತೆಲ್ ತಿಂಗಳು ಬಂತೆಂದರೆ ಬೈಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಗೊರಬೆಗಳ ಸಾಲು. ಓಬೇಲೆ ಹಾಡಿನ ಸೊಲ್ಲಿಗೆ ಸರಿಯಾಗಿ ಮೂವತ್ತು ನಲವತ್ತು ಹೆಂಗಸರು ಒಟ್ಟಿಗೆ ಬಾಗಿ ಏಳುತ್ತಿದ್ದರು. ಆ ಸಾಲು ಈಗ ಚದುರಿದೆ. ಬಂಟವಾಳ, ಬೆಳ್ತಂಗಡಿಗಳ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟಲಾರಂಭಿಸಿದಾಗಲೇ ಅದು ತೆಳುವಾಗತೊಡಗಿತ್ತು. ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ವಾರಕ್ಕೊಮ್ಮೆ ಕೈಗೆ ಹಣ; ಕೆಸರಿನಲ್ಲಿ ಬೆನ್ನು ಬಾಗಿಸುವ ಕೆಲಸಕ್ಕಿಂತ ಅದನ್ನು ಮೇಲೆಂದು ಬಗೆದವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಅವರ ಮಕ್ಕಳು ಓದಿ ಮಂಗಳೂರಿಗೋ ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋದರು. ಇಂದು ನೆಡುವ ತಂಡ ಯಾವ ದಿನ ಬರುತ್ತದೆಂಬುದು ಗದ್ದೆಯ ಯಜಮಾನನ ಕೈಯಲ್ಲಿಲ್ಲ. ನಾಳೆ ಎಂದವರು ಮುಂದಿನ ವಾರ ಬರುತ್ತಾರೆ. ಇಪ್ಪತ್ತೈದು ದಿನದ ನೇಜಿ ಮೂವತ್ತೈದಾಗುತ್ತದೆ, ನಲವತ್ತಾಗುತ್ತದೆ.

ದಟ್ಟಣೆಯ ದುಷ್ಪರಿಣಾಮ ದಿನಗಳ ಜೊತೆಗೆ ಬೆಳೆಯುವಂಥದು. ಇದೇ ಈ ವಿಷಯದ ಮರ್ಮ. ಹದಿನಾಲ್ಕನೆಯ ದಿನ ಕಾಣದ ಭೇದ ಇಪ್ಪತ್ತೈದನೆಯ ದಿನ ಕಾಣುತ್ತದೆ; ಮೂವತ್ತೈದನೆಯ ದಿನ ಕಣ್ಣಿಗೆ ಹೊಡೆಯುತ್ತದೆ. ವಿರಳವಾಗಿ ಬಿತ್ತಿದ ಮಡಿ ಹತ್ತು ದಿನ ತಡವನ್ನು ಹೇಗೋ ತಾಳಿಕೊಳ್ಳುತ್ತದೆ. ದಟ್ಟವಾಗಿ ಬಿತ್ತಿದ ಮಡಿಗೆ ಆ ತಾಳ್ಮೆ ಇಲ್ಲ. ಹಾಗಾದರೆ ನೆಡುವ ದಿನ ಯಾರಿಗೆ ಅನಿಶ್ಚಿತವೋ ಅವರೇ ಎಲ್ಲರಿಗಿಂತ ವಿರಳವಾಗಿ ಬಿತ್ತಬೇಕು. ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಅನಿಶ್ಚಿತತೆಗೆ ಅಂಜಿದವನು ಬುಟ್ಟಿಗೆ ಇನ್ನೊಂದು ಸೇರು ಸುರಿದುಕೊಳ್ಳುತ್ತಾನೆ.

ಈ ಅನಿಶ್ಚಿತತೆಯ ಮೂಲಕ್ಕೇ ಕೈಹಾಕಿದ ಪ್ರಯತ್ನವೊಂದು ಇದೇ ನೆಲದಲ್ಲಿ ನಡೆದಿದೆ. ೧೯೮೨ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಹುಟ್ಟಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಸಣ್ಣ ರೈತರನ್ನು ‘ಪ್ರಗತಿಬಂಧು’ ಎಂಬ ಸಣ್ಣ ಸಣ್ಣ ತಂಡಗಳಾಗಿ ಕೂಡಿಸಿತು. ವಾರಕ್ಕೊಂದು ದಿನ ಸದಸ್ಯರೆಲ್ಲರೂ ಒಬ್ಬನ ಹೊಲದಲ್ಲಿ ದುಡಿಯಬೇಕು. ಮುಂದಿನ ವಾರ ಇನ್ನೊಬ್ಬನದು. ಕೂಲಿ ಉಳಿಯಿತೆಂದು ಎಲ್ಲರೂ ಇದನ್ನು ಹೊಗಳಿದರು. ಉಳಿದ ಕೂಲಿಗಿಂತ ದೊಡ್ಡ ಲಾಭವೊಂದಿದೆ: ಇಂತಹ ದಿನ ಇಷ್ಟು ಕೈಗಳು ಬಂದೇ ಬರುತ್ತವೆಂಬ ಖಾತರಿ. ಆ ಖಾತರಿ ಇರುವ ಮನೆಯವನು ನೇಜಿಯ ವಯಸ್ಸನ್ನು ಎಣಿಸಿ ಬಿತ್ತಬಲ್ಲ.

ಹಳೆಯ ಉಪದೇಶ, ಹೊಸ ಯಂತ್ರ

ಬೀಜ ಕಡಿಮೆ ಮಾಡಿರೆಂಬ ಉಪದೇಶ ಹೊಸತೇನಲ್ಲ. ದಕ್ಷಿಣ ಕನ್ನಡವು ಮದರಾಸು ರಾಜ್ಯದಲ್ಲಿದ್ದಾಗಲೇ, ೧೯೫೩ರಲ್ಲಿ, ಭಾರತ ಸರಕಾರ ‘ಜಪಾನೀ ಪದ್ಧತಿ’ಯ ಭತ್ತದ ಬೇಸಾಯವನ್ನು ದೇಶಾದ್ಯಂತ ಸಾರಿತು. ಎತ್ತರಿಸಿದ ಮಡಿ, ಚೆನ್ನಾದ ಗೊಬ್ಬರ, ತೆಳುವಾದ ಬಿತ್ತನೆ, ಹಗ್ಗ ಹಿಡಿದು ಸಾಲಿನಲ್ಲಿ ನಾಟಿ ಇವೇ ಅದರ ಜೀವಾಳ. ಗೊಬ್ಬರದ ಮಾತು ಜನರ ಕಿವಿಗೆ ಬಿತ್ತು. ತೆಳುವಾದ ಬಿತ್ತನೆಯ ಮಾತು ಅಷ್ಟಾಗಿ ಬೀಳಲಿಲ್ಲ.

ಮುಂದೆ ಬಂದದ್ದು ‘ಶ್ರೀ’ ಪದ್ಧತಿ. ಮಡಗಾಸ್ಕರ್ ದ್ವೀಪದಲ್ಲಿ ರೈತರ ನಡುವೆ ಬಾಳಿದ ಹೆನ್ರಿ ದ ಲೋಲಾನಿಯೆ ಎಂಬ ಫ್ರೆಂಚ್ ಪಾದ್ರಿ, ೧೯೮೩ರಲ್ಲಿ ಅನಿವಾರ್ಯವಾಗಿ ಹದಿನೈದೇ ದಿನದ ಎಳೆಯ ಸಸಿಗಳನ್ನು ನೆಡಿಸಬೇಕಾಗಿ ಬಂದು, ಅವು ಬುಡ ಒಡೆದು ಹಬ್ಬಿದ ಪರಿಯನ್ನು ಕಂಡು ಬೆರಗಾದ. ಆ ಬೆರಗಿನಿಂದ ಬೆಳೆದ ಪದ್ಧತಿಯಲ್ಲಿ ಎಕರೆಗೆ ಎರಡು ಕಿಲೋ ಬೀಜ ಸಾಕು. ಎಂಟರಿಂದ ಹನ್ನೆರಡು ದಿನದ ನೇಜಿ. ೨೫ ಸೆಂಟಿಮೀಟರಿಗೊಂದರಂತೆ ಒಂಟಿ ಸಸಿ. ಬುತ್ತಿ ಮುಗಿಯುವ ಮೊದಲೇ, ಕಲಹ ಹತ್ತುವ ಮೊದಲೇ, ಸಸಿಯನ್ನು ಬೇರೆ ಮನೆಗೆ ಕಳುಹಿಸುವ ಉಪಾಯವಿದು. ಇದರ ಇಳುವರಿಯ ಬಗ್ಗೆ ವಿಜ್ಞಾನಿಗಳಲ್ಲಿ ಬಿರುಸಾದ ವಾದಗಳೇ ನಡೆದಿವೆ. ಧರ್ಮಸ್ಥಳದ ಯೋಜನೆಯವರು ಇದನ್ನೂ ಹಳ್ಳಿಗಳಿಗೆ ಒಯ್ದರು. ಸುಗ್ಗಿ ಬೆಳೆಯಲ್ಲಿ, ನೀರು ಕಟ್ಟಿ ಬಿಡಲು ಬರುವ ಮಜಲು ಗದ್ದೆಗಳಲ್ಲಿ ಅದು ನಡೆದೀತು. ಏಣೆಲಿನ ಬೈಲಿನಲ್ಲಿ ನಾಲ್ಕು ಬೆರಳಿನ ಎಳೆ ಸಸಿಯನ್ನು ನೆಟ್ಟ ಮರುದಿನವೇ ಮೊಣಕಾಲುದ್ದ ನೀರು ನಿಂತರೆ ಅದು ಉಸಿರು ಹಿಡಿದುಕೊಂಡು ಎಷ್ಟು ದಿನ ಬದುಕೀತು? ಒಂದು ನಾಡಿನ ಮಳೆಗೆ ಹುಟ್ಟಿದ ವಿದ್ಯೆಯನ್ನು ಇನ್ನೊಂದು ನಾಡಿನ ಮಳೆ ತಿದ್ದದೆ ಬಿಡುವುದಿಲ್ಲ.

ಈಗ ಕಾಣುತ್ತಿರುವುದು ಯಂತ್ರದ ನಾಟಿ. ೨೦೧೪ರಿಂದೀಚೆಗೆ ‘ಕೃಷಿ ಯಂತ್ರಧಾರೆ’ಯ ಕೇಂದ್ರಗಳಲ್ಲಿ ನಾಟಿ ಯಂತ್ರಗಳು ಬಾಡಿಗೆಗೆ ದೊರೆಯತೊಡಗಿದವು, ‘ಯಂತ್ರಶ್ರೀ’ ಎಂಬ ಹೆಸರಿನಲ್ಲಿ ಧರ್ಮಸ್ಥಳದ ಯೋಜನೆಯೂ ಯಂತ್ರನಾಟಿಯನ್ನು ಹಬ್ಬಿಸುತ್ತಿದೆ. ಯಂತ್ರ ಬಂದೊಡನೆ ಸಸಿಮಡಿಯ ಸ್ವರೂಪವೇ ಬದಲಾಯಿತು. ಅಂಗಳದಲ್ಲಿಯೋ ಗದ್ದೆಯ ಒಂದು ಬದಿಯಲ್ಲಿಯೋ ತಟ್ಟೆಗಳನ್ನು ಜೋಡಿಸಿ, ಎರಡು ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಜರಡಿ ಹಿಡಿದ ಮಣ್ಣು ತುಂಬಿ, ಅದರ ಮೇಲೆ ಬೀಜ ಉದುರಿಸುತ್ತಾರೆ. ಹದಿನೈದು ಹದಿನೆಂಟು ದಿನದಲ್ಲಿ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ತಟ್ಟೆ ಒಂದು ಚಾಪೆಯಾಗುತ್ತದೆ. ಅದನ್ನು ಸುರುಳಿ ಸುತ್ತಿ ಯಂತ್ರದ ಬೆನ್ನಿಗೆ ಏರಿಸಿದರೆ, ಉಕ್ಕಿನ ಬೆರಳುಗಳು ಚಾಪೆಯನ್ನು ಚಿವುಟಿ ಚಿವುಟಿ ಗದ್ದೆಗೆ ಇಳಿಸುತ್ತವೆ.

ಇಲ್ಲಿ ದಟ್ಟಣೆಯ ಲೆಕ್ಕ ತಲೆಕೆಳಗಾಗುತ್ತದೆ. ಒಂದು ತಟ್ಟೆಯ ಒಳಗಿನ ಅಳತೆ ಸುಮಾರು ೫೮ ಸೆಂಟಿಮೀಟರ್ ಉದ್ದ, ೨೮ ಸೆಂಟಿಮೀಟರ್ ಅಗಲ. ಅದರಲ್ಲಿ ೧೨೦ ಗ್ರಾಂ ಬೀಜ ಹಾಕಿದರೆ ಚದರ ಸೆಂಟಿಮೀಟರಿಗೆ ಮೂರು ಕಾಳು. ಹದವಾಗಿ ಬಿತ್ತಿದ ಕೆಸರುಮಡಿಯ ಹನ್ನೆರಡು ಪಟ್ಟು! ಇಷ್ಟು ಕಿಕ್ಕಿರಿಯದಿದ್ದರೆ ಚಾಪೆ ಹೆಣೆದುಕೊಳ್ಳದು, ಎತ್ತಿದರೆ ಹರಿದುಹೋಗುತ್ತದೆ. ಮೇಲಾಗಿ ಯಂತ್ರಕ್ಕೆ ಕಣ್ಣಿಲ್ಲ. ಹೆಂಗಸಿನ ಬೆರಳು ಎರಡು ನೇಜಿಯನ್ನು ಎಣಿಸಿ ತೆಗೆದೀತು. ಯಂತ್ರದ ಬೆರಳು ಇಷ್ಟು ಜಾಗವನ್ನು ಚಿವುಟಿತೆಂದರೆ ಅಲ್ಲಿ ಸಸಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಚಿವುಟಿಗೆ ೧.೪ ಚದರ ಸೆಂಟಿಮೀಟರ್ ಎಂದೂ ನೂರರಲ್ಲಿ ಎಂಬತ್ತು ಮೊಳೆಯುತ್ತವೆ ಎಂದೂ ಇಟ್ಟುಕೊಂಡು, ಬೀಜ ಎಲ್ಲೆಂದರಲ್ಲಿ ಬೀಳುವ ಸಂಭವದ ಗಣಿತವನ್ನು ಹಾಕಿ ನೋಡಿದರೆ ಹೀಗಾಗುತ್ತದೆ: ತಟ್ಟೆಗೆ ೮೦ ಗ್ರಾಂ ಬಿತ್ತಿದಲ್ಲಿ ನೂರರಲ್ಲಿ ಹನ್ನೊಂದು ಬುಡ ಖಾಲಿ, ೧೨೦ ಗ್ರಾಂ ಬಿತ್ತಿದಲ್ಲಿ ನಾಲ್ಕರಷ್ಟು, ೧೬೦ ಗ್ರಾಂ ಬಿತ್ತಿದಲ್ಲಿ ಒಂದರಷ್ಟು. ಬೀಜ ಹಳತಾಗಿ ಅರುವತ್ತೇ ಮೊಳೆತರೆ ೧೨೦ ಗ್ರಾಮಿನ ತಟ್ಟೆಯೂ ಎಂಟು ಬುಡಗಳನ್ನು ಖಾಲಿ ಬಿಡುತ್ತದೆ. ಹೆಚ್ಚು ಬಿತ್ತಿದರೆ ಸಸಿ ಸೊರಗುತ್ತದೆ, ಕಡಿಮೆ ಬಿತ್ತಿದರೆ ಗದ್ದೆ ಬೋಳಾಗುತ್ತದೆ. ಕೈನಾಟಿಯ ಮಡಿಯಲ್ಲಿ ಇಲ್ಲದ ಈ ಇಕ್ಕಟ್ಟು ಚಾಪೆಮಡಿಯ ಹುಟ್ಟುಗುಣ. ಒಂದು ನೂರು ಕಾಳನ್ನು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮೂರು ದಿನ ಕಳೆದು ಎಷ್ಟು ಮೊಳೆತವೆಂದು ನೋಡುವ ಹಳೆಯ ಕ್ರಮ ಯಂತ್ರದ ಕಾಲದಲ್ಲಿ ಇಮ್ಮಡಿ ಮುಖ್ಯವಾಗಿದೆ.

ಯಂತ್ರನಾಟಿಯ ತವರಾದ ಜಪಾನಿನಲ್ಲಿ ಈಚೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ವಾಡಿಕೆಯ ೧೦೦-೧೫೦ ಗ್ರಾಮಿನ ಬದಲು ತಟ್ಟೆಗೆ ೨೫೦-೩೦೦ ಗ್ರಾಂ ಬಿತ್ತಿ, ಯಂತ್ರದ ಬೆರಳನ್ನು ಸಣ್ಣ ಚಿವುಟಿಗೆ ಹೊಂದಿಸುತ್ತಾರೆ. ಬೀಜವೇನೂ ಉಳಿಯುವುದಿಲ್ಲ, ಆದರೆ ತಟ್ಟೆಗಳು ಅರ್ಧಕ್ಕೆ ಇಳಿಯುತ್ತವೆ. ತಟ್ಟೆ ಇಳಿದರೆ ಮಣ್ಣು ತುಂಬುವ, ನೀರು ಹನಿಸುವ, ಹೊತ್ತು ಸಾಗಿಸುವ ಕೆಲಸವೂ ಅರ್ಧ. ಎಕರೆಗೆ ಎಪ್ಪತ್ತು ಎಂಬತ್ತು ತಟ್ಟೆ ಹೊತ್ತು ಸೊಂಟ ನೋಯಿಸಿಕೊಂಡವರಿಗೆ ಇದು ಸಿಹಿಯಾದ ಸುದ್ದಿ. ಆದರೆ ಅಷ್ಟು ದಟ್ಟವಾದ ಚಾಪೆ ನಿಗದಿಯಾದ ದಿನಕ್ಕಿಂತ ಹೆಚ್ಚು ಕಾಯಲಾರದು. ಅಲ್ಲಿ ಯಂತ್ರ ಮನೆಯ ಕೊಟ್ಟಿಗೆಯಲ್ಲಿರುತ್ತದೆ. ಇಲ್ಲಿ ಒಂದೇ ಯಂತ್ರ ಬಂಟವಾಳದ ಬೈಲು ಮುಗಿಸಿ, ಮಳೆಗೆ ಹೂತು ಎರಡು ದಿನ ನಿಂತು, ಆಮೇಲೆ ಮೂಡುಬಿದಿರೆಯ ದಾರಿ ಹಿಡಿಯಬೇಕು. ಹದಿನಾರನೆಯ ದಿನಕ್ಕೆಂದು ಬಿತ್ತಿದ ಚಾಪೆ ಇಪ್ಪತ್ತೈದನೆಯ ದಿನ ಗದ್ದೆಗೆ ಇಳಿಯುವುದು ಇಲ್ಲಿ ಅಪೂರ್ವವಲ್ಲ. ಎರಡು ಬೆರಳು ದಪ್ಪದ ಮಣ್ಣಿನಲ್ಲಿ ಅಷ್ಟು ದಿನ ಹಸಿದು ನಿಂತ ನೇಜಿಯ ಗತಿಯನ್ನು ಯಾರೂ ಊಹಿಸಿಕೊಳ್ಳಬಹುದು.

ರೂಪಾಯಿಯ ಮಾತು

ಇದೆಲ್ಲ ಕೊನೆಗೆ ಕೈಗೆ ಬರುವ ಹಣಕ್ಕೆ ಎಷ್ಟು ತಗಲುತ್ತದೆ? ಉಳಿಯುವ ಹನ್ನೆರಡು ಕಿಲೋ ಬೀಜದ ಬೆಲೆ ದೊಡ್ಡದಲ್ಲ. ಅದರ ಆಸೆಗೆ ಯಾರೂ ಪದ್ಧತಿ ಬದಲಿಸುವುದಿಲ್ಲ. ಲಾಭನಷ್ಟ ಇರುವುದು ತ್ರಾಣವುಳ್ಳ ನೇಜಿಯಲ್ಲಿ. ಚದರ ಮೀಟರಿಗೆ ೩೩ ಬುಡ, ಬುಡಕ್ಕೆ ತೆನೆ ಹೊತ್ತ ಆರು ತೆಂಡೆ, ತೆನೆಗೆ ಎಂಬತ್ತು ಗಟ್ಟಿ ಕಾಳು ಎಂದು ಹಿಡಿದರೆ ಎಕರೆಗೆ ಹದಿನಾರು ಕ್ವಿಂಟಲ್ ಭತ್ತವಾಗುತ್ತದೆ. ಮಿಕ್ಕಿದ್ದೆಲ್ಲ ಹಾಗೆಯೇ ಇದ್ದು ಆರು ತೆಂಡೆಯ ಬದಲು ಐದೇ ಆದರೆ ಹದಿಮೂರು ಕ್ವಿಂಟಲಿನ ಮೇಲೆ ಸ್ವಲ್ಪ. ವ್ಯತ್ಯಾಸ ಎರಡೂವರೆ ಕ್ವಿಂಟಲಿಗೂ ಹೆಚ್ಚು. ೨೦೨೫-೨೬ನೆಯ ಸಾಲಿಗೆ ಕೇಂದ್ರ ಸರಕಾರ ಸಾಮಾನ್ಯ ಭತ್ತಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೨,೩೬೯ ರೂಪಾಯಿ. ಆ ದರದಲ್ಲಿ ಆರು ಸಾವಿರ ರೂಪಾಯಿಗೆ ಮೀರಿದ ಮೊತ್ತ. ಒಂದು ಬುಡಕ್ಕೆ ಒಂದೇ ಒಂದು ತೆಂಡೆಯ ಬೆಲೆ!

ಗದ್ದೆ ಕಾಗದದಷ್ಟು ಕಟ್ಟುನಿಟ್ಟಲ್ಲವೆಂಬುದನ್ನೂ ಹೇಳಬೇಕು. ತೆನೆ ಕಡಿಮೆಯಾದ ಬುಡದಲ್ಲಿ ತೆನೆಗೆ ಕಾಳು ತುಸು ಹೆಚ್ಚಿ ನಷ್ಟದ ಒಂದಂಶ ತುಂಬಿಬರುತ್ತದೆ. ಸಾಧಾರಣ ನೇಜಿಯನ್ನು ಸಕಾಲದಲ್ಲಿ ನೆಟ್ಟವನು, ಒಳ್ಳೆಯ ನೇಜಿಯನ್ನು ಕಳೆಯ ನಡುವೆ ಬಿಟ್ಟವನಿಗಿಂತ ಹೆಚ್ಚು ಬೆಳೆಯುತ್ತಾನೆ. ಅರ್ಧ ನಷ್ಟ ತುಂಬಿಬಂತೆಂದೇ ಇಟ್ಟುಕೊಂಡರೂ ಮೂರು ಸಾವಿರ ರೂಪಾಯಿ ಉಳಿಯಿತು. ಎಕರೆಗೆ ಖರ್ಚು ಕಳೆದು ಕೈಯಲ್ಲಿ ಏನೂ ನಿಲ್ಲದ ವರ್ಷಗಳನ್ನು ಕಂಡವರಿಗೆ ಆ ಮೂರು ಸಾವಿರ ಸಣ್ಣ ಮೊತ್ತವಲ್ಲ. ಏಕೆಂದರೆ ಪಕ್ಕದಲ್ಲಿಯೇ ಅಡಿಕೆ ನಿಂತಿದೆ. ಬೆಟ್ಟು ಗದ್ದೆಗಳು ಮೊದಲೇ ತೋಟವಾದವು. ಮಜಲಿಗೂ ಮಣ್ಣು ಬಿದ್ದು ಅಡಿಕೆ ಸಸಿ ಏರಿತು. ಎಷ್ಟೋ ಕಡೆ ಬೈಲಿಗೂ ಕಾಲುವೆ ತೋಡಿ ನೆಟ್ಟಿದ್ದಾರೆ. ಹಾಗೆ ಹೋದ ಗದ್ದೆ ಹಿಂತಿರುಗಿ ಬರುವುದಿಲ್ಲ. ಊಟದ ಕುಚ್ಚಲಕ್ಕಿಯನ್ನು ಅಂಗಡಿಯಿಂದ ತರುವ ಮನೆಗಳಲ್ಲಿ ಕೆಲವು, ಹಿಂದೊಮ್ಮೆ ಮುಡಿಗಟ್ಟಲೆ ಗೇಣಿ ಅಳೆದ ಮನೆಗಳು.

ಉಳಿದ ರೈತರಲ್ಲಿ ಬುದ್ಧಿವಂತರಾದ ಕೆಲವರು ಮಡಿಯನ್ನು ಒಂದೇ ಬಾರಿಗೆ ಬಿತ್ತುವುದಿಲ್ಲ. ಅರ್ಧವನ್ನು ಮೊದಲು ಬಿತ್ತಿ, ಇನ್ನರ್ಧವನ್ನು ಎಂಟು ಹತ್ತು ದಿನ ಬಿಟ್ಟು ಬಿತ್ತುತ್ತಾರೆ. ನೆಡುವವರು ಬೇಗ ಬಂದರೆ ಮೊದಲನೆಯದು, ತಡವಾದರೆ ಎರಡನೆಯದು. ಮಡಿಗೆ ಹತ್ತು ಸೆಂಟ್ಸು ಬಿಡುತ್ತಾರೆ. ನೇಜಿ ತೆಗೆದ ಮೇಲೆ ಅದೂ ನಾಟಿಯ ಗದ್ದೆಯೇ ಆಗುವುದರಿಂದ ನೆಲವೇನೂ ನಷ್ಟವಾಗುವುದಿಲ್ಲ. ಸುಡುಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಮಡಿಗೆ ಧಾರಾಳವಾಗಿ ಕೊಡುತ್ತಾರೆ. ಬೀಜವನ್ನು ಮಡಿಯ ಪಾತಿಗಳಿಗೆ ಮೊದಲೇ ಪಾಲು ಮಾಡಿ, ಒಂದೊಂದು ಪಾತಿಗೆ ಒಂದೊಂದು ಪಾಲನ್ನು ತೂಗಿಟ್ಟು, ಆಮೇಲೆ ಬುಟ್ಟಿಗೆ ಸುರಿದುಕೊಳ್ಳುತ್ತಾರೆ.

ಆಟಿಯ ಮೊದಲ ವಾರದಲ್ಲಿ ನಾಟಿ ಮುಗಿದ ಬೈಲನ್ನು ರಸ್ತೆಯ ತಿರುವಿನಿಂದ ನೋಡಿದರೆ ಎಲ್ಲ ಗದ್ದೆಗಳೂ ಒಂದೇ ಹಸುರು. ಎಂಟು ದಿನ ಕಳೆದು ಅದೇ ತಿರುವಿನಲ್ಲಿ ಬಸ್ಸು ನಿಂತಾಗ ಒಂದು ಗದ್ದೆ ಕಡುಹಸುರಿಗೆ ತಿರುಗಿ ನೀರನ್ನು ಮುಚ್ಚಿರುತ್ತದೆ. ಪಕ್ಕದ ಗದ್ದೆ ಇನ್ನೂ ಹಳದಿ ಬಳಿದುಕೊಂಡು, ಸಾಲುಗಳ ನಡುವೆ ಆಕಾಶವನ್ನು ತೋರಿಸುತ್ತಿರುತ್ತದೆ. ನಡುವೆ ಇರುವುದು ಒಂದು ಹುಣಿ ಮಾತ್ರ.